ಆರನೆಯ ವಾರದ ಒಡತಿ

ಅರ್ಮಿಂಡಾ ಮೆಡೆರೋಸ್ ತನ್ನ ಬದುಕಿನಲ್ಲಿ ಮೊದಲು ಕೊಂಡ ಆಸ್ತಿ ಎಂದರೆ ಏಳು ದಿನ. ಮನೆಯಲ್ಲ, ನಿವೇಶನವಲ್ಲ, ಕಾರೂ ಅಲ್ಲ. ಮ್ಯಾಸಚೂಸೆಟ್ಸಿನ ಫಾಲ್ ರಿವರ್ ಊರಿನಲ್ಲಿ ಮೂರಂತಸ್ತಿನ ಮರದ ಮನೆಯೊಂದರ ಮೇಲ್ಮಹಡಿಯಲ್ಲಿ ಬಾಡಿಗೆಗಿದ್ದುಕೊಂಡು, ಶಾಲೆಯ ಅಡುಗೆಮನೆಯಲ್ಲಿ ಮಕ್ಕಳಿಗೆ ಊಟ ಬಡಿಸುತ್ತಿದ್ದ ಕಾಲದಲ್ಲಿ ಆಕೆಗೆ ಚರ್ಚಿನ ಲಾಟರಿಯಲ್ಲಿ ಕೆರಿಬಿಯನ್ ಸಮುದ್ರದ ಸಿಂಟ್ ಮಾರ್ಟನ್ ದ್ವೀಪಕ್ಕೆ ಇಬ್ಬರು ಹೋಗಿಬರುವ ಟಿಕೆಟು ಬಂತು. ಅಲ್ಲಿ ಹೊಸದಾಗಿ ಎದ್ದಿದ್ದ ಸೀಗ್ರೇಪ್ ಟೆರೇಸ್ ಎಂಬ ರೆಸಾರ್ಟಿನವರು, ನಮ್ಮ ಮಾತು ಸ್ವಲ್ಪ ಕೇಳಿ, ಬಿಟ್ಟಿ ಊಟ ಹಾಕುತ್ತೇವೆ ಎಂದು ಸಮುದ್ರದಂಡೆಯಲ್ಲಿ ಸಿಕ್ಕಿದವರನ್ನೆಲ್ಲ ಕರೆದರು. ಊಟ ಮುಗಿದದ್ದೇ ತಡ, ಉಳಿದವರೆಲ್ಲ ಕೈ ತೊಳೆಯುವ ನೆಪದಲ್ಲಿ ಜಾಗ ಖಾಲಿ ಮಾಡಿದರು. ಅರ್ಮಿಂಡಾ ಮಾತ್ರ ಕೂತಳು. ಉಂಡ ಮೇಲೆ ಮಾತು ಕೇಳದೆ ಏಳುವುದು ಆಕೆಗೆ ಸರಿ ಕಾಣಲಿಲ್ಲ. ಕೊಠಡಿಯೊಳಗೇ ಒಲೆ ಇದೆ ಎಂದು ತೋರಿಸಿದಾಗ ಸಹಿ ಹಾಕಿಯೇಬಿಟ್ಟಳು. ಎರಡನೆಯ ಮಹಡಿಯ ಮೂಲೆ ಕೊಠಡಿ, ವರ್ಷದ ಆರನೆಯ ವಾರ, ಒಂದು ಶನಿವಾರದಿಂದ ಮುಂದಿನ ಶನಿವಾರದವರೆಗೆ, ಸಾಯುವತನಕ ಮತ್ತು ಸತ್ತ ಮೇಲೂ ಅವಳದು. ಉಳಿದ ವಾರಗಳಲ್ಲಿ ಅದೇ ಕೊಠಡಿ, ಅದೇ ಒಲೆ ಇನ್ಯಾರ್ಯಾರದೋ.

ರೆಸಾರ್ಟಿಗೆ ಈಗ ವಯಸ್ಸಾಗಿದೆ. ಲಿಫ್ಟು ಮನಸ್ಸು ಬಂದಾಗ ಮೇಲೆ ಹೋಗುತ್ತದೆ. ಈಜುಕೊಳದ ನೀಲಿ ಟೈಲ್ಸ್ ಅಲ್ಲಲ್ಲಿ ಉದುರಿ ಹೋಗಿ ಹಳೆಯ ಹಲ್ಲುಗಳ ಹಾಗೆ ಕಾಣುತ್ತವೆ. ಅಡುಗೆಮನೆಯ ಚಾಕುಗಳು ಬೆಣ್ಣೆಯನ್ನೂ ಕೊಯ್ಯುವುದಿಲ್ಲವೆಂದು ಅರ್ಮಿಂಡಾ ತನ್ನದೇ ಚಾಕು ಪೆಟ್ಟಿಗೆಯಲ್ಲಿಟ್ಟು ತರುತ್ತಾಳೆ. ಗಂಡ ಗಿಲ್ ಬಲ್ಬು, ನಲ್ಲಿಯ ವಾಷರು, ಸ್ಕ್ರೂಡ್ರೈವರು ತರುತ್ತಾನೆ. ಹೀಗೆ ರಿಪೇರಿ ಸಾಮಾನು ಹೊತ್ತು ರಜೆಗೆ ಹೋಗುವವರನ್ನು ಸೊಸೆ ಕೋರಿನ್ ಬೇರೆಲ್ಲೂ ಕಂಡಿರಲಿಲ್ಲ. ಆದರೆ ಆರನೆಯ ವಾರದಲ್ಲಿ ಆ ಅಂಗಳಕ್ಕೆ ಕಾಲಿಟ್ಟರೆ ಅರ್ಮಿಂಡಾ ಬೇರೆಯೇ ಹೆಂಗಸು. ಯಾರು ಯಾವ ಮೇಜಿಗೆ, ಯಾರ ಮನೆಯ ಅಡುಗೆ ಯಾವ ಸಂಜೆಗೆ, ಯಾರ ಮಂಡಿ ಆಪರೇಷನ್ನಿನ ಕಥೆ ಮೊದಲು, ಎಲ್ಲ ಆಕೆಯ ಅಪ್ಪಣೆ. ಹಾಗೆಂದು ಅರ್ಮಿಂಡಾಳ ಮಗ, ತನ್ನ ಗಂಡ ನೆಲ್ಸನ್ ಹೇಳಿದ್ದನ್ನು ಕೋರಿನ್ ನಕ್ಕು ಕೇಳಿದ್ದಳು.

ಈಗ ಅವಳಿಗೆ ನಗು ಬರುತ್ತಿರಲಿಲ್ಲ. ಕ್ರಿಸ್‌ಮಸ್ ಊಟದ ದಿನ ಅತ್ತೆ ಎಲ್ಲರೆದುರಿಗೂ ಘೋಷಿಸಿದ್ದಳು: "ಈ ಸಲ ನನ್ನ ವಾರ ಕೋರಿನ್‌ಗೆ. ಅಲ್ಲಿನ ಸೋಮವಾರದ ಪಾರ್ಟೀಲಿ ಎಲ್ಲರ ಮುಂದೆ ಹೇಳ್ತೀನಿ, ಆಮೇಲೆ ಸಹಿ."

ಬೇಡ ಅನ್ನುವುದು ಹೇಗೆ? ಪ್ರತಿ ಫೆಬ್ರವರಿ, ಅದೇ ಕೊಠಡಿ, ಅದೇ ಕೊಳ, ಒಡೆಯರು ರೆಸಾರ್ಟಿಗೆ ಕಟ್ಟಲೇಬೇಕಾದ, ಪ್ರತಿ ವರ್ಷ ಏರುವ ನಿರ್ವಹಣೆಯ ಖರ್ಚು, ಅದೂ ತಾನು ಮುದುಕಿಯಾಗುವತನಕ. ಜೊತೆಗೆ ಕಂಬಿ ಸಡಿಲವಾದ ಬಾಲ್ಕನಿ, ಬೇಲಿಯಿಲ್ಲದ ಕೊಳ, ದಂಡೆಯಲ್ಲಿ ಎಚ್ಚರಿಕೆಗೆಂದು ಕೆಂಪು ಪಟ್ಟಿ ಬಳಿದ ವಿಷದ ಹಣ್ಣಿನ ಮರ. ಒಂದೂವರೆ ವರ್ಷದ ಮಗಳು ಜೂನಿ ಸಿಕ್ಕಿದ್ದನ್ನೆಲ್ಲ ಬಾಯಿಗಿಡುವವಳು. ನೆಲ್ಸನ್‌ನನ್ನು ಕೇಳಿದರೆ, "ನನಗೂ ಬೇಡ. ಆದ್ರೆ ಅಮ್ಮಂಗೆ ನಾನು ಹೇಳಲ್ಲ. ನೀನು ಹೇಳು, ನೀನು ಓದಿದವಳು," ಎಂದು ರಜೆ ಸಿಗಲಿಲ್ಲವೆಂಬ ನೆಪ ಹಿಡಿದು ಊರಲ್ಲೇ ಉಳಿದಿದ್ದ.

ಶನಿವಾರ ಮಧ್ಯಾಹ್ನ ನಾಲ್ವರೂ ರೆಸಾರ್ಟಿನ ಮುಂದೆ ಟ್ಯಾಕ್ಸಿಯಿಂದ ಇಳಿದರು. ಜೂನಿಯನ್ನು ಸೊಂಟಕ್ಕೇರಿಸಿಕೊಂಡ ಕೋರಿನ್ ಎಲ್ಲರಿಗಿಂತ ಮೊದಲು ಕೌಂಟರಿಗೆ ಓಡಿದಳು.

"ನಮ್ಮ ರೂಮ್ ರೆಡಿ ಇದೆಯಾ? ಮಗು ಬೆಳಿಗ್ಗೆಯಿಂದ ಕಣ್ಣು ಮುಚ್ಚಿಲ್ಲ. ತೊಟ್ಟಿಲು ಬೇಕು ಅಂತ ಮೊದಲೇ ಹೇಳಿದ್ವಿ."

"ಗುಡ್ ಆಫ್ಟರ್‌ನೂನ್," ಎಂದಳು ಕೌಂಟರಿನ ಅಯಾಂಥಿ ಗಮ್ಸ್. ಕಿವಿಯಲ್ಲಿ ಬಳೆಯಂಥ ದೊಡ್ಡ ಬಂಗಾರದ ರಿಂಗು, ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ.

"ಬಾಲ್ಕನಿ ಕಂಬಿ ನಡುವೆ ಸಂದಿ ಎಷ್ಟಿದೆ? ಮಗು ತಲೆ ತೂರುತ್ತಾ?"

"ಗುಡ್ ಆಫ್ಟರ್‌ನೂನ್."

ಈಕೆಗೆ ಕಿವಿ ಕೇಳಿಸುವುದಿಲ್ಲವೇನೋ ಎಂದು ಕೋರಿನ್ ದನಿ ಏರಿಸುವಷ್ಟರಲ್ಲಿ ಹಿಂದಿನಿಂದ ಅತ್ತೆಯ ಮೊಣಕೈ ತಿವಿಯಿತು. "ಮೊದಲು ಗುಡ್ ಆಫ್ಟರ್‌ನೂನ್ ಹೇಳೇ. ಈ ಊರಲ್ಲಿ ಅದಿಲ್ಲದೆ ಒಂದು ಲೋಟ ನೀರೂ ಹುಟ್ಟಲ್ಲ."

ಕೋರಿನ್ ಹೇಳಿದಳು. ಅಯಾಂಥಿಯ ಮುಖ ಅರಳಿತು. ಜೂನಿಯ ಕೆನ್ನೆ ಮುಟ್ಟಿದಳು, ಗಿಲ್‌ನ ಕಣ್ಣಿನ ಆಪರೇಷನ್ ವಿಚಾರಿಸಿದಳು, ಆಮೇಲೆ ಅರ್ಮಿಂಡಾಳ ಕಡೆ ತಿರುಗಿದಳು.

"ಮಿಸ್ ಅರ್ಮಿಂಡಾ, ನಿಮ್ಮನ್ನ ನೋಡಿದ್ರೆ ನನಗೆ ಯಾವಾಗ್ಲೂ ಖುಷಿ. ಈ ಸಲ ಮಾತ್ರ ಒಂದು ವಾರ ಮುಂಚೆನೇ ಖುಷಿಯಾಗಿಬಿಟ್ಟಿದೆ."

"ಅಂದ್ರೆ?"

"ಇವತ್ತು ಶುರುವಾಗೋದು ಐದನೇ ವಾರ. ನಿಮ್ಮ ರೂಮಲ್ಲಿ ಓಹಾಯೋದವರು ಇದ್ದಾರೆ. ನಿಮ್ದು ಮುಂದಿನ ಶನಿವಾರ."

ಅರ್ಮಿಂಡಾ ನಕ್ಕಳು, ತಪ್ಪು ಕಂಪ್ಯೂಟರಿನದು ಎಂಬಂತೆ. "ಚರ್ಚಲ್ಲಿ ಮೇಣದಬತ್ತಿ ಹರಸೋ ಹಬ್ಬ ಆದ ಮೇಲಿನ ಶನಿವಾರ. ಮೊದಲಿಂದ ಅದೇ ನನ್ನ ಲೆಕ್ಕ. ಅದು ತಪ್ಪಲ್ಲ."

ಸೂಟ್‌ಕೇಸಿನ ಮೇಲೆ ಕೂತಿದ್ದ ಗಿಲ್ ಗಂಟಲು ಸರಿಮಾಡಿಕೊಂಡ. "ತಪ್ಪುತ್ತೆ, ಮಿಂಡಾ. ಜನವರಿಯ ಮೊದಲ ಶನಿವಾರ ತಡವಾಗಿ ಬಂದ ವರ್ಷ ಇವರ ಆರನೇ ವಾರ ಮುಂದಕ್ಕೆ ಜಾರುತ್ತೆ. ಆಗೆಲ್ಲ ನಾನೇ ಸರಿ ನೋಡಿ ಟಿಕೆಟ್ ತಗೋತಿದ್ದೆ. ಈ ಸಲ ಕಣ್ಣಿಗೆ ಪಟ್ಟಿ ಇತ್ತಲ್ಲ, ನೀನೇ ತಗೊಂಡೆ."

"ಎಷ್ಟು ಸಲ ಸರಿ ಮಾಡಿದ್ದೀಯ?"

"ಆಗಾಗ."

"ಒಂದು ಮಾತು ಹೇಳೋಕೆ ನಿನ್ನ ನಾಲಿಗೆ ಸವೀತಿತ್ತಾ?"

"ಹೇಳಿದ್ರೆ ಲೆಕ್ಕ ಸರಿ ಹೋಗ್ತಿತ್ತು. ಮನೆ ಕೆಡ್ತಿತ್ತು."

ಫೆಬ್ರವರಿಯಲ್ಲಿ ದ್ವೀಪದಲ್ಲೆಲ್ಲೂ ಕೊಠಡಿ ಸಿಗುವುದಿಲ್ಲ. ಅಯಾಂಥಿ ಯಾರ್ಯಾರಿಗೋ ಫೋನು ಮಾಡಿ, ಕಡೆಗೆ ನೆಲಮಹಡಿಯ ಲಾಂಡ್ರಿ ಪಕ್ಕದಲ್ಲಿ ಬೀಗ ಹಾಕಿಟ್ಟಿದ್ದ ಕೊಠಡಿಯೊಂದನ್ನು ತೆಗೆಸಿದಳು. ಮೇಲ್ಛಾವಣಿಯಲ್ಲಿ ಕಂದು ಬಣ್ಣದ ಭೂಪಟ. "ಸೋರಲ್ಲ. ಹಿಂದೆ ಸೋರಿದ್ದ ಗುರುತು ಅಷ್ಟೇ," ಎಂದಳು. ಶನಿವಾರದವರೆಗೆ ಅಲ್ಲಿ. ಆಮೇಲೆ ಅತ್ತೆ ಮಾವ ಇನ್ನೊಂದು ವಾರ ಉಳಿದು ತಮ್ಮ ಕೊಠಡಿಗೆ ಹತ್ತುವುದು. ರಜೆ ಮುಗಿಯುವ ಕೋರಿನ್ ಮಗುವಿನೊಂದಿಗೆ ಊರಿಗೆ ಮರಳುವುದು ಎಂದಾಯಿತು.

ಕೋರಿನ್ ಇಡೀ ಸಂಜೆ ಆ ಕಂದು ಭೂಪಟವನ್ನೇ ನೋಡಿದಳು. ಬೂಸಲು ಇರಬಹುದೇ? ಮಗುವಿನ ಎದೆಗೆ ಇಳಿದರೆ? ಗಿಲ್ ಏಣಿ ತಂದು ಮೂಗು ತಗುಲಿಸಿ ಮೂಸಿ, "ಬರೀ ಬಣ್ಣ ಮಗಳೇ," ಎಂದ. ನೆಲದಿಂದ ಹೆಚ್ಚು ಎತ್ತರವಿಲ್ಲದ್ದರಿಂದ ಬಾಲ್ಕನಿಯ ಚಿಂತೆ ತಪ್ಪಿತು. ಗೋಡೆಯಾಚೆ ಬಟ್ಟೆ ಒಣಗಿಸುವ ಯಂತ್ರಗಳು ಗೊರಗೊರ ಎನ್ನುತ್ತಿದ್ದರೆ ಜೂನಿ ಹುಟ್ಟಿದಾಗಿನಿಂದ ಮಲಗದಷ್ಟು ಹೊತ್ತು ಮಲಗಿದಳು. ಅದಕ್ಕೂ ಹೆದರಿ ಕೋರಿನ್ ಮತ್ತೆ ಮತ್ತೆ ಮೂಗಿನ ಬಳಿ ಬೆರಳಿಟ್ಟು ನೋಡಿದಳು.

ಭಾನುವಾರ ಬೆಳಿಗ್ಗೆ ಚರ್ಚಿನ ಪೂಜೆ ಮುಗಿಸಿ ಬಂದ ಅರ್ಮಿಂಡಾ ಟವೆಲು ಹೆಗಲಿಗೆ ಹಾಕಿಕೊಂಡು ಕೊಳದ ಕಡೆ ಹೊರಟಳು. ವಾರ ಯಾವುದಾದರೇನು, ಕೊಳ ಕೊಳವೇ ಎನ್ನುವ ನಡಿಗೆ. ಸೀಗ್ರೇಪ್ ಮರದ ನೆರಳಲ್ಲಿ ಸಾಲಾಗಿದ್ದ ಆರಾಮಕುರ್ಚಿಗಳಲ್ಲಿ ನಡುವಿನದು ಖಾಲಿ ಇತ್ತು. ಆಕೆ ಟವೆಲು ಹಾಸಿ ಕಾಲು ಚಾಚಿದಳು.

"ಅಲ್ಲಿ ಕೂರಬೇಡಿ ಅಮ್ಮಾ," ಎಂದು ಎತ್ತರದ ಹೆಂಗಸೊಬ್ಬಳು ಬಂದಳು. ಕೊರಳಲ್ಲಿ ಸೀಟಿ ನೇತಾಡುತ್ತಿತ್ತು. ಹೆಸರು ಲೊರೇನ್, ಐದನೆಯ ವಾರದವಳು. "ಅದು ರಾಯ್ ಕುರ್ಚಿ."

"ರಾಯ್ ಬಂದ್ರೆ ಎದ್ದೇಳ್ತೀನಿ ಬಿಡಿ."

"ರಾಯ್ ಬರಲ್ಲ. ತೀರಿಕೊಂಡು ಮೂರು ವರ್ಷ ಆಯ್ತು."

"ಹಾಗಾದ್ರೆ ನಾನು ಏಳೋ ಪ್ರಮೇಯನೇ ಇಲ್ಲ."

ಮರದ ನೆರಳಲ್ಲಿದ್ದವರೆಲ್ಲ ತಿರುಗಿ ನೋಡಿದರು. ಆಗ ಅರ್ಮಿಂಡಾಳ ಕಣ್ಣಿಗೆ ಕುರ್ಚಿಯ ಬೆನ್ನಿಗೆ ಕಟ್ಟಿದ್ದ ಹುಲ್ಲಿನ ಟೋಪಿ ಬಿತ್ತು. ಅದರ ಪಟ್ಟಿಗೆ ಯಾರೋ ಆ ಬೆಳಿಗ್ಗೆ ತಾನೇ ಕೆಂಪು ದಾಸವಾಳ ಸಿಕ್ಕಿಸಿದ್ದರು. ಆಕೆ ಮೆಲ್ಲಗೆ ಎದ್ದು, ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡು, ಟವೆಲು ಮಡಚಿ, ಬಿಸಿಲಲ್ಲಿದ್ದ ಮುರುಕು ಕುರ್ಚಿಗೆ ಬಂದು ಕೂತಳು. "ಅದು ನನ್ನ ಕುರ್ಚಿ ಕಣೇ," ಎಂದಳು ಹಿಂದೆಯೇ ಬಂದಿದ್ದ ಸೊಸೆಗೆ ಪಿಸುದನಿಯಲ್ಲಿ. "ಮುಂದಿನ ವಾರ."

ಸಂಜೆ ಊರಿಂದ ತಂದಿದ್ದ ಸಾಸೇಜು ಹೆಚ್ಚಿ, ಸೊಪ್ಪು ಆಲೂಗಡ್ಡೆ ಹಾಕಿ ಸೂಪು ಕುದಿಸುತ್ತ ಒಲೆಯ ಮುಂದೆ ನಿಂತವಳು ಇದ್ದಕ್ಕಿದ್ದಂತೆ ಕೇಳಿದಳು: "ನಾನು ಹೋದ ಮೇಲೆ ಆರನೇ ವಾರದವರು ನನ್ನ ಕುರ್ಚಿ ಖಾಲಿ ಇಡ್ತಾರಾ, ಗಿಲ್?"

"ಒದ್ದೆ ಟವೆಲ್ ಒಣಗ್ಹಾಕ್ತಾರೆ," ಎಂದ ಗಿಲ್, ನಲ್ಲಿ ಬಿಚ್ಚುತ್ತ.

ಅರ್ಮಿಂಡಾ ಸೌಟು ಹಿಡಿದೇ ನಕ್ಕಳು. ನಕ್ಕು ಮುಗಿಸಿ ಹೇಳಿದಳು: "ಅದಕ್ಕೇ ನೋಡು ಕೋರಿನ್, ನಿನಗೆ ಕೊಡ್ತಿರೋದು. ಟೋಪಿ ಹೂವು ನನಗೆ ಬೇಡ. ನಮ್ಮೋರು ಯಾರಾದ್ರೂ ಕಾಲು ಚಾಚಿ ಕೂತಿರ್ಬೇಕು. ಮಂಡಿ ಹಿಡಿದುಬಿಟ್ಟಿದೆ, ಇನ್ನೆಷ್ಟು ಸಲ ಬರ್ತೀನೋ. ಕೈಯಾರೆ ಕೊಟ್ಟು ಹೋಗ್ಬೇಕು."

ಬೇಡ ಎಂಬ ಮಾತು ಕೋರಿನ್‌ಳ ನಾಲಿಗೆಯ ತುದಿಗೆ ಬಂದಿತ್ತು. ಸೂಪು ತುಂಬಾ ಬಿಸಿ ಎಂದು ನೆಪ ಹೇಳಿ ಊದತೊಡಗಿದಳು.

ಸೋಮವಾರ ಸಂಜೆ ಮ್ಯಾನೇಜರು ಕೊಳದ ದಂಡೆಯಲ್ಲಿ ಎಲ್ಲರಿಗೂ ರಮ್ ಪಾನಕ ಹಂಚುವ ಪಾರ್ಟಿ. ವಾರಕ್ಕೊಂದು ಸಲ ಹಂಚುವ ಅದೇ ಪಾನಕ, ಅದೇ ನಗೆಚಾಟಿಕೆ. "ನಮ್ಮ ಐದನೇ ವಾರದ ಸಂಸಾರಕ್ಕೆ ಸ್ವಾಗತ!" ಎಂದು ಆತ ಕೂಗಿದಾಗ ಎಲ್ಲರೂ ಹುರ್ರೇ ಎಂದರು. ಲೊರೇನ್ ಸೀಟಿ ಊದಿ, ಹೆಸರು ಹಿಡಿದು ಒಬ್ಬೊಬ್ಬರನ್ನೇ ಎಬ್ಬಿಸಿ, ಮೊಮ್ಮಕ್ಕಳ ಲೆಕ್ಕ ಕೇಳಿ, ತಡವಾಗಿ ಬಂದವನಿಗೆ ಬೈದು, ಇಬ್ಬರನ್ನು ಮೇಜು ಬದಲಾಯಿಸಿ ಕೂರಿಸಿದಳು. ಮೆಡೆರೋಸ್ ಮನೆಯವರು ಕಸದ ಡಬ್ಬಿಯ ಪಕ್ಕ, ಕೊನೆಯ ಮೇಜಿನಲ್ಲಿದ್ದರು. ಯಾರೂ ಅವರನ್ನು ಎಬ್ಬಿಸಲಿಲ್ಲ.

"ಎಷ್ಟು ಜೋರು ನೋಡು ಆ ಹೆಂಗಸಿಂದು," ಎಂದಳು ಅರ್ಮಿಂಡಾ. "ಎಲ್ಲರ ಮೇಲೂ ಸವಾರಿ. ಜನ ಹೇಗೆ ತಡ್ಕೋತಾರೋ."

ಗಿಲ್ ಕೆಮ್ಮಿದ.

"ಯಾಕೆ ಕೆಮ್ಮಿದೆ?"

"ಪಾನಕ ಗಂಟಲಿಗೆ ಹತ್ತಿತು."

"ಒಂದು ಗುಟುಕೂ ಕುಡಿದಿಲ್ಲ ನೀನು."

ಕೋರಿನ್‌ಗೆ ನಗು ತಡೆಯಲಾಗಲಿಲ್ಲ. ಒಂದು ಕ್ಷಣಕ್ಕೆ ಅತ್ತೆಯೂ ನಕ್ಕಳು. ಆದರೆ ಆಮೇಲೆ ಆಕೆ ಮೇಜಿನ ಮೇಲೆ ಕೈಯೂರಿ ಆ ಗದ್ದಲವನ್ನು ನೋಡುತ್ತ ಕೂತಾಗ, ಸೊಸೆ ಅವಳನ್ನು ಮೊದಲ ಸಲ ನೋಡಿದಂತೆ ನೋಡಿದಳು. ಹೂವಿನ ಅಂಗಿ, ಪಾರ್ಟಿಗೆಂದೇ ಹಚ್ಚಿದ ತುಟಿರಂಗು, ಊದಿದ ಮಂಡಿ. ಸುತ್ತಲೂ ಅದೇ ಕೊಳ, ಅದೇ ಮರ, ಅದೇ ಮ್ಯಾನೇಜರು. ಅತ್ತೆಯ ಜನವೊಂದು ಇಲ್ಲವಾದರೆ ಇಲ್ಲಿ ಉಳಿಯುವುದು ಟೈಲ್ಸ್ ಉದುರಿದ ಒಂದು ಹೊಂಡ ಅಷ್ಟೇ. ಈ ಹೊಂಡವನ್ನು ತನ್ನ ಹೆಸರಿಗೆ ಬರೆದರೆ ತನಗೆ ಸಿಗುವುದು ಹೊಂಡವೇ ಹೊರತು ಅತ್ತೆಯ ವಾರವಲ್ಲ. ಇದನ್ನು ಆಕೆಗೆ ತಿಳಿಸುವ ಮಾತು ಯಾವುದು ಎಂದು ಹುಡುಕುತ್ತಿದ್ದಾಗ ಜೂನಿ ಯಾರದೋ ಲೋಟದ ಚೆರಿ ಹಣ್ಣನ್ನು ಬಾಯಿಗೆ ಹಾಕಿಕೊಂಡಳು. ಬೀಜ, ರಮ್ಮು, ಉಸಿರು ಕಟ್ಟುವುದು, ಎಲ್ಲ ಭಯಗಳೂ ಒಟ್ಟಿಗೆ ನುಗ್ಗಿ ಉಳಿದ ಯೋಚನೆಯನ್ನು ಹೊರದಬ್ಬಿದವು.

ಶುಕ್ರವಾರದ ಹೊತ್ತಿಗೆ ಅರ್ಮಿಂಡಾ ಮತ್ತೆ ಚುರುಕಾಗಿದ್ದಳು. ನಾಳೆ ತನ್ನ ಜನ ಬರುತ್ತಾರೆ. ಸೊಸೆ ಸೂಟ್‌ಕೇಸಿಗೆ ಬಟ್ಟೆ ತುಂಬುತ್ತಿದ್ದಾಗ ಹಾಸಿಗೆಯ ಅಂಚಿಗೆ ಕೂತು ಹೇಳಿದಳು: "ನೀನು ಇರಲ್ಲ ಅಂತ ಬೇಜಾರ್ ಮಾಡ್ಕೋಬೇಡ. ಸೋಮವಾರ ನಾನೇ ಎಲ್ಲರಿಗೂ ಹೇಳ್ತೀನಿ. ಸಹಿ ಆಮೇಲೆ ಊರಲ್ಲೇ ಹಾಕಿದ್ರಾಯ್ತು. ನೀನೇನೂ ಮಾಡ್ಬೇಕಾಗಿಲ್ಲ."

ಏನೂ ಮಾಡಬೇಕಾಗಿಲ್ಲ. ಆ ಮಾತು ಕೋರಿನ್‌ಗೆ ತಣ್ಣಗೆ ಹಿತವಾಗಿ ಕಂಡಿತು. ನಾಳೆ ವಿಮಾನ ಹತ್ತಿದರೆ ಮುಗಿಯಿತು. ಊರಿಗೆ ಹೋಗಿ ವಾರಗಟ್ಟಲೆ ಸಹಿ ಮುಂದೂಡಬಹುದು, ಕಡೆಗೊಂದು ದಿನ ನೆಲ್ಸನ್‌ನ ಮೇಲೆ ಹಾಕಬಹುದು. ಅಷ್ಟರಲ್ಲಿ ಅತ್ತೆ ತನ್ನವರೆಲ್ಲರ ಎದುರಿಗೆ ಲೋಟ ಎತ್ತಿ ಸಾರಿಬಿಟ್ಟಿರುತ್ತಾಳೆ. ಸೊಸೆಗೆ ಬೇಡವೆಂದು ಆಮೇಲೆ ಗೊತ್ತಾದರೆ, ಮುಂದಿನ ವರ್ಷ ಆಕೆ ಆ ಮೇಜಿಗೆ ಯಾವ ಮುಖ ಹೊತ್ತು ಬರುತ್ತಾಳೆ? ಮಗುವಿನ ಸಾಕ್ಸುಗಳನ್ನು ಕೋರಿನ್ ಜೋಡಿ ಮಾಡಿ, ಬಿಡಿಸಿ, ಮತ್ತೆ ಜೋಡಿ ಮಾಡಿದಳು.

ಶನಿವಾರ ಬೆಳಿಗ್ಗೆ ಸೀಗ್ರೇಪ್ ಟೆರೇಸಿನ ಲಾಬಿ ಬಸ್‌ಸ್ಟ್ಯಾಂಡಿನಂತಿತ್ತು. ಐದನೆಯ ವಾರದವರು ಬಿಸಿಲಿಗೆ ಕೆಂಪಾದ ಮೂಗು ಹೊತ್ತು ಹೊರಗೆ, ಆರನೆಯ ವಾರದವರು ಹಿಮದ ಊರಿಂದ ಬಂದ ಬಿಳಿ ಕಾಲು ಹೊತ್ತು ಒಳಗೆ. ಲೊರೇನ್ ಎಲ್ಲರನ್ನೂ ತಬ್ಬಿ ಅಳುತ್ತಿದ್ದಳು. ಅರ್ಮಿಂಡಾಳನ್ನೂ ಒಂದು ಸಲ ತಬ್ಬಿ, "ಕುರ್ಚಿ ವಿಚಾರ ಮನಸ್ಸಲ್ಲಿ ಇಟ್ಕೋಬೇಡಿ," ಎಂದಳು. "ಇಟ್ಕೊಳ್ಳಲ್ಲ, ಕೂತ್ಕೋತೀನಿ," ಎಂದಳು ಅರ್ಮಿಂಡಾ.

ಕೋರಿನ್‌ಳ ಟ್ಯಾಕ್ಸಿ ಬಂದಿತ್ತು. ಗಿಲ್ ಸೂಟ್‌ಕೇಸು ಡಿಕ್ಕಿಗೆ ಹಾಕುತ್ತಿದ್ದ. ಇನ್ನು ಕೆನ್ನೆಗೆ ಮುತ್ತು ಕೊಟ್ಟು ಕೂತರಾಯಿತು. ಅವಳು ಟ್ಯಾಕ್ಸಿಯ ಬಾಗಿಲು ಮುಚ್ಚಿ ಅತ್ತೆಯ ಕಡೆ ತಿರುಗಿದಳು.

"ಅತ್ತೇ, ನಿಮ್ಮ ವಾರ ನನಗೆ ಬೇಡ."

ಅರ್ಮಿಂಡಾ ಮಗುವಿನ ಟೋಪಿಯ ದಾರ ಕಟ್ಟುತ್ತಿದ್ದಳು. ಬೆರಳು ನಿಂತಿತು. "ಏನಂದೆ?"

"ಬೇಡ ಅಂದೆ. ಸೋಮವಾರ ಯಾರಿಗೂ ಹೇಳ್ಬೇಡಿ. ಮೊದಲೇ ಹೇಳ್ಬೇಕಿತ್ತು, ಧೈರ್ಯ ಬರ್ಲಿಲ್ಲ. ಖರ್ಚು, ಮಗು, ಕೊಳ ಅಂತೆಲ್ಲ ಕಾರಣ ಇದೆ. ಆದ್ರೆ ನಿಜವಾಗಿ ಅದಲ್ಲ. ಈ ವಾರ ಇಡೀ ನೋಡಿದ್ನಲ್ಲ ಅತ್ತೆ. ನಿಮ್ಮ ಜನ ಇಲ್ದೆ ಇದು ಏನೂ ಅಲ್ಲ. ಅವರನ್ನ ನನ್ನ ಹೆಸರಿಗೆ ಬರೆಯೋಕಾಗುತ್ತಾ? ನೀವು ಕರೆದ್ರೆ ನಿಮ್ಮ ವಾರಕ್ಕೆ ಬರ್ತೀನಿ, ಇದನ್ನ ನಾನು ಇಟ್ಕೊಳ್ಳಲ್ಲ."

"ನೆಲ್ಸನ್ ಏನಂತಾನೆ?"

"ಅವನಿಗೂ ಬೇಡ. ಹೇಳೋಕೆ ಹೆದರ್ಕೊಂಡು ಊರಲ್ಲಿ ಕೂತಿದ್ದಾನೆ."

ಅರ್ಮಿಂಡಾ ದಾರ ಕಟ್ಟಿ ಮುಗಿಸಿದಳು, ಅಗತ್ಯಕ್ಕಿಂತ ಬಿಗಿಯಾಗಿ. ಜೂನಿ ಕಿರಗುಟ್ಟಿದಾಗ ಸಡಿಲ ಮಾಡಿದಳು. ಮುಖ ಎತ್ತಲಿಲ್ಲ. "ಹೊರಡು," ಎಂದಳು. "ವಿಮಾನ ಕಾಯಲ್ಲ."

ಅಷ್ಟರಲ್ಲಿ ವ್ಯಾನೊಂದು ಬಂದು ನಿಂತು, ಅದರ ಬಾಗಿಲು ಪೂರ್ತಿ ತೆರೆಯುವ ಮುಂಚೆಯೇ ಒಳಗಿನಿಂದ "ಮಿಂಡಾ! ಬದುಕಿದ್ದೀಯೇನೇ!" ಎಂಬ ಕೂಗು ಬಂತು. ಮೇನ್ ರಾಜ್ಯದ ಹ್ಯಾರಿಯೆಟ್, ಆರನೆಯ ವಾರದ ಹಳೆಯ ಗೆಳತಿ, ಊರುಗೋಲು ಬೀಸುತ್ತ ಇಳಿದಳು. ಹಿಂದೆ ಇನ್ನೂ ನಾಲ್ಕಾರು ಬಿಳಿ ತಲೆಗಳು.

"ಬದುಕಿದ್ದೀನಿ. ಕೇಳು ಇಲ್ಲಿ," ಎಂದಳು ಅರ್ಮಿಂಡಾ, ಇಡೀ ಲಾಬಿಗೆ ಕೇಳುವಂತೆ. ಕೋರಿನ್‌ಳ ಕಿವಿ ಬಿಸಿಯಾಯಿತು. "ಇವಳು ನನ್ನ ಸೊಸೆ. ನನ್ನ ವಾರ ಕೊಡ್ತೀನಿ ಅಂದ್ರೆ ಬೇಡ ಅಂದಳು. ನನ್ನ ಮುಖಕ್ಕೇ!"

ಹ್ಯಾರಿಯೆಟ್ ಕೋರಿನ್‌ಳನ್ನು ಮೇಲಿಂದ ಕೆಳಗೆ ನೋಡಿದಳು. "ಮುಖಕ್ಕೇ ಹೇಳಿದಳಾ?"

"ಮುಖಕ್ಕೇ."

"ಪುಣ್ಯವಂತೆ ನೀನು. ನನ್ನ ಮಗನಿಗೆ ಫೋನಲ್ಲಿ 'ರೆಸಾರ್ಟು' ಅಂತ ಶುರು ಮಾಡಿದ್ರೆ ಸಾಕು, ಸಿಗ್ನಲ್ ಹೋಗಿಬಿಡುತ್ತೆ. ಪ್ರತಿ ಸಲ."

"ನನ್ನ ಹೆಣ್ಣುಮಕ್ಕಳು ವಕೀಲನನ್ನ ಕೇಳಿದ್ದಾರಂತೆ, ನಾನು ಸತ್ತರೆ ಇದು ತಮ್ಮ ತಲೆ ಮೇಲೆ ಬರದ ಹಾಗೆ ಮಾಡೋದು ಹೇಗೆ ಅಂತ," ಎಂದ ಹಿಂದಿನಿಂದ ಒಬ್ಬ ಮುದುಕ, ಹೆಮ್ಮೆಯಿಂದಲೋ ಏನೋ. ಯಾರೋ ನಕ್ಕರು, ಆಮೇಲೆ ಎಲ್ಲರೂ. ಯಾರ ಮಕ್ಕಳಿಗೂ ಬೇಡವಾಗಿತ್ತು. ಇಷ್ಟು ವರ್ಷ ಒಬ್ಬರೂ ಇನ್ನೊಬ್ಬರಿಗೆ ಹೇಳಿರಲಿಲ್ಲ. ಕೈಚೀಲಗಳನ್ನು ಕೆಳಗಿಟ್ಟು, ಬಾಗಿಲಿಗೆ ಅಡ್ಡ ನಿಂತು, ತಮ್ಮ ತಮ್ಮ ಮಕ್ಕಳ ಕುತಂತ್ರಗಳನ್ನು ಒಬ್ಬರಿಗಿಂತ ಒಬ್ಬರು ಹೆಚ್ಚು ಮಾಡಿ ಹೇಳತೊಡಗಿದರು.

ಕೋರಿನ್ ಮಗುವನ್ನು ಸೀಟಿಗೆ ಕಟ್ಟಿ, ಬೆಲ್ಟನ್ನು ಎಳೆದು ನೋಡಿ, ಇನ್ನೊಮ್ಮೆ ಎಳೆದು ನೋಡಿ ಕೂತಳು. ಗಾಜಿನ ಮೇಲೆ ಟಕಟಕ ಸದ್ದಾಯಿತು. ಅತ್ತೆ. ಕಣ್ಣಂಚು ಒದ್ದೆಯಿತ್ತು, ಆದರೆ ಅದು ನಕ್ಕದ್ದಕ್ಕೋ ಬೇರೆಯದಕ್ಕೋ ತಿಳಿಯುವಂತಿರಲಿಲ್ಲ.

"ಇನ್ನೂ ಕೋಪ ಹೋಗಿಲ್ಲ ನನಗೆ," ಎಂದಳು.

"ಗೊತ್ತು ಅತ್ತೆ."

"ನೀನು ಬೇಡ ಅಂದಮೇಲೆ ಇನ್ನು ನಾನೇ ಬರ್ತಿರ್ಬೇಕು. ಈ ಮಂಡಿ ಇಟ್ಕೊಂಡು."

"ಬನ್ನಿ."

"ನೀನೂ ಬಾ. ಆ ಹೇಡೀನೂ ಕರ್ಕೊಂಡ್ ಬಾ. ಆದ್ರೆ ಅತಿಥಿ ಅಂದ ಮಾತ್ರಕ್ಕೆ ಸುಮ್ನೆ ಕೂತು ತಿನ್ನೋಹಾಗಿಲ್ಲ, ಮಂಗಳವಾರದ ಅಡುಗೆ ನಿಂದು. ಮೂವತ್ತು ಜನಕ್ಕೆ."

"ಮೂವತ್ತು ಜನಕ್ಕಾ?" ಕೋರಿನ್ ಗಾಜು ಪೂರ್ತಿ ಇಳಿಸಿದಳು. "ನನಗೆ ಅಷ್ಟೊಂದು ಜನಕ್ಕೆ ಮಾಡಿ ಅಭ್ಯಾಸವೇ ಇಲ್ಲ ಅತ್ತೆ. ಯಾರಿಗೆ ಸಕ್ಕರೆ ಕಾಯಿಲೆ, ಯಾರಿಗೆ ಏನು ಆಗಲ್ಲ, ಏನೂ ಗೊತ್ತಿಲ್ಲ..."

ಅರ್ಮಿಂಡಾ ಕೇಳಿಸಿಕೊಳ್ಳಲಿಲ್ಲ. ಆಗಲೇ ಲಾಬಿಯ ಕಡೆ ತಿರುಗಿ, ಹ್ಯಾರಿಯೆಟ್‌ಳ ಚೀಲ ಲಿಫ್ಟಿಗೆ ಅಡ್ಡ ಇದೆ, ಅದನ್ನು ತೆಗೆಯಿರಿ ಎಂದು ಯಾರಿಗೋ ಬೈಯುತ್ತ, ಕುಂಟುತ್ತ, ಬೇಗ ಬೇಗ ನಡೆಯುತ್ತಿದ್ದಳು.